ಶಿಶುವಿನ ಹುಟ್ಟುತೂಕ ಮತ್ತು ತಾಯಿಯ ಗರ್ಭಪೂರ್ವ ಪೋಷಣೆ

ಹುಟ್ಟಿದಾಗ 2.5 ಕೆ.ಜಿ.ಗಿಂತ ಕಡಿಮೆ ತೂಗುವ ಶಿಶುವನ್ನು ಕಡಿಮೆ ತೂಕದ್ದೆಂದು ಪರಿಗಣಿಸಲಾಗುತ್ತದೆ. ಒಂದೋ ದಿನ ತುಂಬುವ ಮೊದಲೇ ಹೆರಿಗೆಯಾಗಿರುತ್ತದೆ, ಇಲ್ಲವೇ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿರುತ್ತದೆ. ನಮ್ಮಲ್ಲಿ ಎರಡನೆಯದರ ಪಾಲು ದೊಡ್ಡದು. ರಕ್ತಹೀನತೆ, ಮಲೇರಿಯಾ, ರಕ್ತದೊತ್ತಡ, ತಂಬಾಕು, ಅವಳಿ ಗರ್ಭ ಇವೆಲ್ಲ ತಿಳಿದ ಕಾರಣಗಳೇ. ಆದರೆ ಬಸಿರಾಗುವ ಮೊದಲು ತಾಯಿಯ ಮೈಕಟ್ಟು ಹೇಗಿತ್ತೆಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ತಾಯಿಯ ಮೈಕಟ್ಟಿನ ಪ್ರಭಾವವನ್ನು ಒಂದು ಹಳೆಯ ಪ್ರಯೋಗ ತೋರಿಸುತ್ತದೆ. 1938ರಲ್ಲಿ ವಿಜ್ಞಾನಿಗಳಾದ ವಾಲ್ಟನ್ ಮತ್ತು ಹ್ಯಾಮಂಡ್ ಭಾರೀ ಗಾತ್ರದ ಶೈರ್ ಕುದುರೆಗಳನ್ನೂ ಪುಟ್ಟ ಶೆಟ್‌ಲೆಂಡ್ ಕುದುರೆಗಳನ್ನೂ ಸಂಕರಗೊಳಿಸಿದರು. ತಾಯಿ ಶೈರ್ ಆಗಿರಲಿ, ಶೆಟ್‌ಲೆಂಡ್ ಆಗಿರಲಿ, ಮರಿಗಳಿಗೆ ಬಂದದ್ದು ಅದೇ ಎರಡು ತಳಿಗಳ ಅನುವಂಶೀಯತೆ. ಆದರೂ ಶೈರ್ ತಾಯಿಯ ಮರಿ ದೊಡ್ಡದಾಗಿಯೂ ಶೆಟ್‌ಲೆಂಡ್ ತಾಯಿಯ ಮರಿ ಬಹಳ ಚಿಕ್ಕದಾಗಿಯೂ ಹುಟ್ಟಿತು. ಗಾತ್ರಕ್ಕೆ ಮಿತಿ ಹಾಕಿದ್ದು ತಾಯಿಯ ಒಡಲು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ದಾಖಲೆಗಳು, ಹುಟ್ಟುತೂಕಕ್ಕೂ ಮುಂದಿನ ಆರೋಗ್ಯಕ್ಕೂ ಇರುವ ನಂಟನ್ನು ಅರಿಯಲು ಅಮೂಲ್ಯ. 1934ರಿಂದಲೇ ಅಲ್ಲಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದಿಟ್ಟಿದ್ದರು. 1934–1954ರ ನಡುವೆ ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ 2.5 ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಗಿದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು, 3.1 ಕೆ.ಜಿ. ಮೀರಿದವರಲ್ಲಿ ಅದು ಶೇ. 3. ಅಂದು ದಾದಿಯರು ನಿಷ್ಠೆಯಿಂದ ಅಳೆದು ಬರೆಯದೇ ಹೋಗಿದ್ದರೆ ಈ ನಂಟು ನಮಗೆ ಕಾಣುತ್ತಲೇ ಇರಲಿಲ್ಲ. ಇಂದು ಹಲವೆಡೆ ತೂಕವನ್ನು 2.5ಕ್ಕೆ ದುಂಡಾಗಿಸಿ ಬರೆಯುವ ರೂಢಿಯಿದೆ. ಅಂಚಿನಲ್ಲಿರುವ ಕೂಸು ಆಗ ಲೆಕ್ಕದಿಂದಲೇ ಜಾರಿಹೋಗುತ್ತದೆ.

ತೂಕ ಕಡಿಮೆಯಾದರೆ ಇಂಥ ಅಪಾಯವಿದ್ದರೂ, ಬಸುರಿ ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತು ಎಂಬ ಭಯ ಜನರಲ್ಲಿರುವುದನ್ನು ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದಲ್ಲಿ ದಾಖಲಿಸಿದ್ದಾರೆ. ಹೆರಿಗೆಯಲ್ಲಿ ಜೀವ ಹೋಗುವುದನ್ನು ಕಂಡ ಹಿರಿಯರ ಆತಂಕವದು; ಅಜ್ಞಾನವೆಂದು ತಳ್ಳಿಹಾಕುವಂಥದ್ದಲ್ಲ.

ಹಾಗಾದರೆ ಆ ಭಯ ಬಿಡಿಸಿ ಬಸಿರಲ್ಲಿ ಊಟ ಹೆಚ್ಚಿಸಿದರೆ ಸಾಕೆ? ಮುಂಬೈ ಕೊಳೆಗೇರಿಗಳ ಮಹಿಳೆಯರಿಗೆ ಸೊಪ್ಪು, ಹಣ್ಣು, ಹಾಲು ಬೆರೆಸಿದ ತಿಂಡಿಯನ್ನು ಪ್ರತಿದಿನ ಕೊಟ್ಟ ಪ್ರಯೋಗದಲ್ಲಿ ಒಟ್ಟಾರೆ ಹುಟ್ಟುತೂಕ ಹೇಳಿಕೊಳ್ಳುವಷ್ಟು ಏರಲಿಲ್ಲ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಮೂರು ತಿಂಗಳ ಮೊದಲೇ ತಿನ್ನತೊಡಗಿದವರಲ್ಲಿ ಮಾತ್ರ ಸರಾಸರಿ 48 ಗ್ರಾಂ ಹೆಚ್ಚಳ ಕಂಡಿತು. ಸಣ್ಣ ಅಂಕಿಯೇ ಹೌದು, ಆದರೆ ಹೊತ್ತು ಮುಖ್ಯವೆಂಬುದನ್ನು ಅದು ಸೂಚಿಸುತ್ತದೆ.

2017ರಲ್ಲಿ ಕರ್ನಾಟಕದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಸುರಿಯರಿಗೂ ಬಾಣಂತಿಯರಿಗೂ ಸಿಗುತ್ತದೆ. ಅದು ಬೇಕೇ ಬೇಕು. ಆದರೆ ಹೆಸರು ನೋಂದಾಯಿಸುವ ಹೊತ್ತಿಗೆ ಗರ್ಭದ ಮೊದಲ ವಾರಗಳು ಕಳೆದಿರುತ್ತವೆ. ಆಶಾ ಕಾರ್ಯಕರ್ತೆಯರು ಹೊಸದಾಗಿ ಮದುವೆಯಾದವರ ಮನೆಗೆ ಹೇಗೂ ಹೋಗುತ್ತಾರೆ. ವಧುವಿನ ತೂಕ, ಎತ್ತರ, ಹಿಮೋಗ್ಲೋಬಿನ್ ದಾಖಲಿಸಿ, ಸೊರಗಿದವಳಿಗೆ ಅಂದಿನಿಂದಲೇ ಅಂಗನವಾಡಿಯ ಊಟ ಸಿಗುವಂತೆ ಮಾಡಬೇಕು.