ಕಾಡಿನಂಚಿನ ವೈರಸ್: ಮಂಗನ ಕಾಯಿಲೆಯ ಸಂಶೋಧನಾ ಚರಿತ್ರೆ

1957ರ ಬೇಸಿಗೆಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಿಂದ ಎರಡು ಸುದ್ದಿಗಳು ಹೊರಬಿದ್ದವು. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಅದೇ ಕಾಡಿಗೆ ಸೊಪ್ಪು, ಕಟ್ಟಿಗೆ ತರಲು ಹೋಗುತ್ತಿದ್ದ ಜನ ಜ್ವರ ಬಂದು ಹಾಸಿಗೆ ಹಿಡಿಯುತ್ತಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಪುಣೆಯಲ್ಲಿ ತೆರೆದಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಈ ಎರಡೂ ಒಟ್ಟಿಗೆ ಬಂದದ್ದು ಗಾಬರಿ ಹುಟ್ಟಿಸಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಏಷ್ಯಾದಲ್ಲಿ ಹಳದಿ ಜ್ವರ ಎಂದೂ ನೆಲೆಯೂರಿರಲಿಲ್ಲವಾದರೂ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿತ್ತು.

ಕೇಂದ್ರದ ನಿರ್ದೇಶಕ ಟೆಲ್‌ಫರ್ಡ್ ವರ್ಕ್, ಅವರ ಜೊತೆಗಾರ ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ತಂಡ ಪ್ರತ್ಯೇಕಿಸಿದ ವೈರಸ್ ಬೇರೆಯೇ ಆಗಿತ್ತು. ಅದರ ಹತ್ತಿರದ ಬಂಧು ಉಣುಗಿನಿಂದ ಹರಡುವ, ರಷ್ಯಾದ ವಸಂತ-ಗ್ರೀಷ್ಮ ಮೆದುಳುಜ್ವರದ ವೈರಸ್. ಅಂದರೆ ಹುಡುಕಬೇಕಾದದ್ದು ಸೊಳ್ಳೆಯನ್ನಲ್ಲ, ಉಣುಗನ್ನು. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮುಖ್ಯ ವಾಹಕವೆಂದು ಮುಂದೆ ಖಚಿತವಾಯಿತು.

ರಷ್ಯಾದ ವೈರಸ್ಸಿನ ನೆಂಟ ಮಲೆನಾಡಿಗೆ ಬಂದದ್ದು ಹೇಗೆ? ಚಳಿಗಾಲದ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಇದರ ಬೆನ್ನು ಹತ್ತಿಯೇ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಕೈಗೊಂಡಿತು. ಮುಂದೆ ಅಮೆರಿಕದ ಸೈನ್ಯದ ಹಣವೂ ಈ ಯೋಜನೆಗೆ ಸೇರಿದ್ದರಿಂದ 1970ರ ದಶಕದಲ್ಲಿ ದೊಡ್ಡ ರಾಜಕೀಯ ವಿವಾದವೇ ಎದ್ದಿತು. ಹಕ್ಕಿಗಳೇ ವೈರಸ್ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಭಾರತದ ವಲಸೆ ಹಕ್ಕಿಗಳ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯ ಬಹುಪಾಲು ಆ ಹುಡುಕಾಟದ ಕೊಡುಗೆ.

ವೈರಸ್ಸಿನ ದಾರಿ ಶುರುವಾಗುವುದು ಕಾಡಿನ ತರಗೆಲೆಯಲ್ಲಿ. ಮಳೆ ಹಿಂದೆ ಸರಿದ ಮೇಲೆ ಮೊಟ್ಟೆಯೊಡೆದ ಉಣುಗಿನ ಮರಿಗಳು ಇಲಿ, ಮೂಗಿಲಿ, ಮಂಗಗಳ ರಕ್ತ ಹೀರುತ್ತವೆ. ಆ ಪ್ರಾಣಿಯಲ್ಲಿ ಸೋಂಕಿದ್ದರೆ ವೈರಸ್ ಮರಿಯ ಮೈ ಸೇರಿ, ಅದು ಪೊರೆ ಕಳಚಿ ಮುಂದಿನ ಹಂತಕ್ಕೆ ಬೆಳೆದರೂ ಒಳಗೇ ಉಳಿಯುತ್ತದೆ. ಈ ಎರಡನೆಯ ಹಂತದ, ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಸಣ್ಣ ಉಣುಗುಗಳೇ ಮನುಷ್ಯರನ್ನು ಕಚ್ಚುವುದು. ಅವು ಹೆಚ್ಚಾಗಿರುವುದು ಚಳಿಗಾಲದಿಂದ ಮೇ ತನಕ. ಅಡಿಕೆ ಕೊಯ್ಲು ನಡೆಯುವುದು, ಬೆಟ್ಟದಿಂದ ದರಗು ಗುಡಿಸಿ ತರುವುದು, ಕಟ್ಟಿಗೆ ಕೂಡಿಡುವುದು ಎಲ್ಲವೂ ಅದೇ ತಿಂಗಳುಗಳಲ್ಲಿ.

ಕಚ್ಚಿದ ಉಣುಗಿನ ಜೊಲ್ಲು ಚರ್ಮದ ರಕ್ಷಣಾ ವ್ಯವಸ್ಥೆಯನ್ನು ಮಂಕಾಗಿಸುತ್ತದೆ. ಆ ಬಿಡುವಿನಲ್ಲಿ ವೈರಸ್ ಚರ್ಮದೊಳಗಿನ ಪಹರೆಯ ಜೀವಕೋಶಗಳನ್ನೇ ಹೊಕ್ಕು, ಅವುಗಳ ಜೊತೆ ಹಾಲ್ರಸ ಗ್ರಂಥಿಗೆ ತಲುಪುತ್ತದೆ. ಇದು ಫ್ಲೇವಿವೈರಸ್ ಕುಟುಂಬದ್ದು; ಸುಮಾರು 11,000 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ, ಅದರ ಸುತ್ತ ಪ್ರೋಟೀನು, ಹೊರಗೆ ಕೊಬ್ಬಿನ ಪೊರೆ. ಹೊರಮೈಯ ‘ಇ’ ಪ್ರೋಟೀನು ಜೀವಕೋಶಕ್ಕೆ ಅಂಟಿದಾಗ ಕೋಶ ಅದನ್ನು ಸಣ್ಣ ಚೀಲದಲ್ಲಿ ಒಳಕ್ಕೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲತೆ ಏರಿದಂತೆ ‘ಇ’ ಪ್ರೋಟೀನಿನ ಆಕಾರ ಬದಲಾಗಿ, ಎರಡೂ ಪೊರೆಗಳು ಬೆಸೆದು, ಆರ್‌ಎನ್‌ಎ ಹೊರಬೀಳುತ್ತದೆ. ಆಮೇಲೆ ಕೋಶದ ಯಂತ್ರಾಂಗವೇ ಅದನ್ನು ಓದಿ ಒಂದು ಉದ್ದನೆಯ ಪ್ರೋಟೀನು ಕಟ್ಟುತ್ತದೆ. ಅದು ತುಂಡಾಗಿ ಹತ್ತು ಪ್ರೋಟೀನುಗಳಾಗಿ ಹೊಸ ವೈರಸ್ಸುಗಳು ತಯಾರಾಗುತ್ತವೆ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವಂಥ ನೋವು, ಮೈಯೆಲ್ಲ ನುಗ್ಗುನುರಿಯಾದ ಅನುಭವ. ಕೆಲವರಿಗೆ ಮೂಗು, ಒಸಡು, ಕರುಳಿನಿಂದ ರಕ್ತ. ಜ್ವರ ಬಿಟ್ಟಿತೆಂದು ಸಮಾಧಾನಪಡುವ ಹೊತ್ತಿಗೆ, ಒಂದೆರಡು ವಾರಗಳಲ್ಲಿ, ಕೆಲವರಿಗೆ ಅದು ಮರುಕಳಿಸಿ ಕೈಕಾಲು ನಡುಕ, ಮನಸ್ಸಿನ ಗೊಂದಲ ತರುತ್ತದೆ. ಕಾಯಿಲೆ ಬಿದ್ದವರಲ್ಲಿ ಸಾಯುವವರು ಸಾಮಾನ್ಯವಾಗಿ ಶೇಕಡಾ 3ರಿಂದ 5. ಮನುಷ್ಯರಿಂದ ಮನುಷ್ಯರಿಗೆ ಇದು ಹರಡದು. ಕಪ್ಪು ಮೂತಿಯ ಮುಸುವ, ಕೆಂಪು ಮೂತಿಯ ಮಂಗಗಳ ಪಾಡು ಇನ್ನೂ ಕಷ್ಟ. ಅವುಗಳ ರಕ್ತದಲ್ಲಿ ವೈರಸ್ ಹೇರಳವಾಗಿ ಏರುತ್ತದೆ. ಮಂಗ ಸತ್ತು ನೆಲಕ್ಕೆ ಬಿದ್ದಾಗ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಇಳಿದು ಹೊಸ ಆಸರೆಗೆ ಕಾಯುತ್ತವೆ. ಸತ್ತ ಮಂಗನ ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಎರಚುವುದು ಇದಕ್ಕಾಗಿ.

ಇಷ್ಟು ತಿಳಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಕಾಡೊಳಗೆ ಸುಮ್ಮನಿದ್ದ ವೈರಸ್ 1950ರ ದಶಕದಲ್ಲೇ ಊರಿಗೆ ಬಂದದ್ದೇಕೆ? ಇದಕ್ಕೆ ಗಟ್ಟಿಯಾದ ಉತ್ತರ ಕೊಟ್ಟವರು ಕೊಲಂಬಿಯಾದ ಹೋರ್ಹೆ ಬೋಶೆಲ್. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರವನ್ನು ಅಭ್ಯಾಸ ಮಾಡಿದ್ದ ಅವರು ಮಲೆನಾಡಿನಲ್ಲಿ ಕಂಡದ್ದನ್ನು 1969ರಲ್ಲಿ ಪ್ರಕಟಿಸಿದರು. ಜನಸಂಖ್ಯೆ ಹೆಚ್ಚಿ, ಕಾಡು ಕಡಿದು ಗದ್ದೆಯಾಗಿ, ಉಳಿದ ಕಾಡಿನಂಚಿಗೆ ದನಗಳನ್ನು ಮೇಯಲು ಬಿಡುತ್ತಿದ್ದರು. ಬೆಳೆದ ಉಣುಗಿಗೆ ಬೇಕಾದದ್ದು ದೊಡ್ಡ ಪ್ರಾಣಿಯ ರಕ್ತ. ದನದ ರಕ್ತದಲ್ಲಿ ಈ ವೈರಸ್ ಹೆಚ್ಚು ಬೆಳೆಯದಿದ್ದರೂ ಉಣುಗಿನ ಸಂತತಿಗೆ ಅದು ಹೇರಳ ಆಹಾರವಾಯಿತು. ಕಡಿದ ಜಾಗದಲ್ಲಿ ಎದ್ದ ಪೊದೆಗಾಡು ಅವಕ್ಕೆ ನೆರಳಾಯಿತು. ಈ ಕಾಯಿಲೆಯ ಬಗ್ಗೆ ಬಂದ ಬರಹಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲವೆಂದೇ ನನ್ನ ಎಣಿಕೆ. ವೈರಸ್ಸಿನ ರಚನೆ ಎಷ್ಟೇ ಸ್ಪಷ್ಟವಾದರೂ ಕಾಯಿಲೆಯ ಅರ್ಧ ಕಾರಣ ಭೂಮಿಯ ಬಳಕೆಯಲ್ಲಿದೆ ಎಂದು ಅದು ತೋರಿಸಿತು.

ಅದನ್ನು ಓದಬೇಕಾದವರು ಓದಲಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಪಿಗಾಗಿ ಮೀಸಲು ಅರಣ್ಯವನ್ನು ಕಡಿಯಲಾಯಿತು. ಮಂಗಗಳು ಸತ್ತವು, ಹಿಂದೆಯೇ ಜನ ಸತ್ತರು. ಅಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿಯಿಂದ ಹುಟ್ಟಿದ ಕಾಯಿಲೆ ಎಂದು ವಿವರಿಸಿದರು. 2012ರ ಕೊನೆಗೆ ಬಂಡೀಪುರದ ಮಂಗಗಳಲ್ಲಿ ವೈರಸ್ ಕಾಣಿಸಿತು. ಆಮೇಲಿನ ವರ್ಷಗಳಲ್ಲಿ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದಾಗ ಕ್ಯಾಸನೂರಿನ ಮೊದಲ ವರದಿಗೆ ಅರವತ್ತು ವರ್ಷ ದಾಟಿತ್ತು.

ಲಸಿಕೆಯ ಕತೆಯೂ ಹೆಮ್ಮೆಪಡುವಂಥದ್ದಲ್ಲ. ಮೊದಲು ರಷ್ಯಾದ ಮೆದುಳುಜ್ವರದ ಲಸಿಕೆಯನ್ನೇ ಹಾಕಿ ನೋಡಿದರು, ಉಪಯೋಗವಾಗಲಿಲ್ಲ. ಬಳಿಕ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 2005ರಿಂದ 2010ರ ಅಂಕಿಗಳ ಮೇಲೆ ನಡೆದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು. ಚುಚ್ಚಿದ ಜಾಗದ ನೋವಿಗೆ ಹೆದರಿ ಹಲವರು ಮುಂದಿನ ಡೋಸಿಗೆ ಬರುತ್ತಿರಲಿಲ್ಲ. ಪರಿಣಾಮ ಸಾಲದೆಂದು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು.

ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಕೈಸೇರುವ ತನಕ ಕಾಡಿಗೆ ಹೋಗುವವರಿಗೆ ಇರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಮತ್ತು ಸತ್ತ ಮಂಗ ಕಂಡರೆ ತಕ್ಷಣ ಇಲಾಖೆಗೆ ತಿಳಿಸುವುದು. ಈ ಮೂರೂ ರೈತರು, ಕೂಲಿಯವರ ಮೇಲೆ ಬಿದ್ದ ಹೊಣೆ. ಕಾಡಿನಂಚನ್ನು ಎಲ್ಲಿ ಕಡಿಯಬೇಕು, ಎಲ್ಲಿ ತೋಪು ಹಾಕಬೇಕೆಂಬ ತೀರ್ಮಾನ ಅವರದಲ್ಲ. ಆ ತೀರ್ಮಾನ ಮಾಡುವ ಮೇಜಿನಲ್ಲಿ ಉಣುಗಿನ ಸಮೀಕ್ಷೆ ಬಲ್ಲ ಆರೋಗ್ಯ ಇಲಾಖೆಯ ಕೀಟಶಾಸ್ತ್ರಜ್ಞರೂ ಕೂರಬೇಕು.