ಇಲ್ಲದ ಕಿಣ್ವದ ಹುಡುಕಾಟ: ಹಸಿರು ಪ್ರೋಟೀನೊಂದರ ಚರಿತ್ರೆ

1887ರಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಹೊಳೆಯುವ ಕಡಲಚಿಪ್ಪೊಂದರಿಂದ ಎರಡು ಬಗೆಯ ಸಾರ ತೆಗೆದರು. ಒಂದು ತಣ್ಣೀರಿನದು, ತಾನಾಗಿಯೇ ಬೆಳಕು ಆರುವವರೆಗೆ ಇಟ್ಟದ್ದು, ಇನ್ನೊಂದು ಬಿಸಿನೀರಿನದು. ಎರಡನ್ನೂ ಬೆರೆಸಿದರೆ ಮತ್ತೆ ಬೆಳಕು. ಉರಿಯುವ ವಸ್ತು ಲ್ಯೂಸಿಫೆರಿನ್, ಉರಿಸುವ ಕಿಣ್ವ ಲ್ಯೂಸಿಫೆರೇಸ್. ಜೀವಿಗಳ ಬೆಳಕೆಂದರೆ ಈ ಜೋಡಿಯೇ ಎಂಬ ನಂಬಿಕೆ ಮುಂದಿನ ಮುಕ್ಕಾಲು ಶತಮಾನ ಗಟ್ಟಿಯಾಗಿ ನಿಂತಿತು.

ಆ ನಂಬಿಕೆಯನ್ನು ಹೊತ್ತೇ 1961ರ ಬೇಸಿಗೆಯಲ್ಲಿ ಪ್ರಿನ್ಸ್‌ಟನ್ನಿನ ಫ್ರ್ಯಾಂಕ್ ಜಾನ್ಸನ್ ಮತ್ತು ಒಸಾಮು ಶಿಮೊಮುರಾ ಅಮೆರಿಕದ ವಾಯವ್ಯ ತೀರದ ಫ್ರೈಡೇ ಹಾರ್ಬರ್‌ಗೆ ಹೋದರು. ಅಲ್ಲಿನ ಈಕ್ವೋರಿಯಾ ಎಂಬ ಲೋಳೆಮೀನು ಕೊಡೆಯ ಅಂಚಿನಲ್ಲಿ ಹಸಿರಾಗಿ ಮಿನುಗುತ್ತದೆ. ಆ ಅಂಚನ್ನು ಕತ್ತರಿಯಿಂದ ಉಂಗುರದಂತೆ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಿದ್ದರು. ಜೋಡಿ ಮಾತ್ರ ಸಿಗಲೇ ಇಲ್ಲ. ಲ್ಯೂಸಿಫೆರಿನ್ನಿನ ಆಸೆ ಬಿಟ್ಟು, ಬೆಳಗುವ ವಸ್ತು ಯಾವುದೇ ಇರಲಿ, ಅದನ್ನೇ ಹಿಡಿಯೋಣ ಎಂದರು ಶಿಮೊಮುರಾ. ಜಾನ್ಸನ್ ಒಪ್ಪಲಿಲ್ಲ. ಒಂದೇ ಮೇಜಿನ ಎರಡು ಬದಿಗಳಲ್ಲಿ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಕೆಲಸ ಮುಂದುವರಿಸಿದರು.

ಒಂದು ಮಧ್ಯಾಹ್ನ ದೋಣಿಯಲ್ಲಿ ಕುಳಿತಿದ್ದ ಶಿಮೊಮುರಾಗೆ ಹೊಳೆಯಿತು: ಬೆಳಗುವುದು ಪ್ರೋಟೀನೇ ಆಗಿದ್ದರೆ, ಆಮ್ಲೀಯತೆ ಬದಲಿಸಿ ಅದನ್ನು ತಾತ್ಕಾಲಿಕವಾಗಿ ಸುಮ್ಮನಿರಿಸಬಹುದು. ಪಿಎಚ್ 4ರಲ್ಲಿ ಬೆಳಕು ಆರಿತು, ಆಮ್ಲ ತಗ್ಗಿಸಿದಾಗ ಮಂದವಾಗಿ ಮರಳಿತು. ಉಳಿದ ರಸವನ್ನು ಸಿಂಕಿಗೆ ಚೆಲ್ಲಿದರು. ಸಿಂಕ್ ಝಗ್ಗೆಂದು ನೀಲಿಯಾಗಿ ಬೆಳಗಿತು! ತೊಟ್ಟಿಯಿಂದ ಅಲ್ಲಿಗೆ ಕಡಲನೀರು ಹರಿದುಬರುತ್ತಿತ್ತು. ಅದರಲ್ಲಿದ್ದ ಕ್ಯಾಲ್ಸಿಯಂ ಕಿಡಿ ಹಚ್ಚಿತ್ತು. ಸುಮಾರು 10,000 ಲೋಳೆಮೀನುಗಳಿಂದ ದಕ್ಕಿದ ಈಕ್ವೋರಿನ್ ಎಂಬ ಈ ಪ್ರೋಟೀನು ಕೆಲವೇ ಮಿಲಿಗ್ರಾಂ. ಅದು ಬೆಳಗಲು ಬೇರೆ ಕಿಣ್ವ ಬೇಕಿರಲಿಲ್ಲ. 1967ರ ಹೊತ್ತಿಗೆ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಏರಿಳಿತವನ್ನು ಕಾಣಲು ವಿಜ್ಞಾನಿಗಳು ಅದನ್ನೇ ಬಳಸಿದರು.

ಈಕ್ವೋರಿನ್ನನ್ನು ಶುದ್ಧೀಕರಿಸುವಾಗ ಪಕ್ಕಕ್ಕೆ ಉಳಿದದ್ದು ಬಿಸಿಲಿನಲ್ಲಿ ಹಸಿರು ಛಾಯೆ ತೋರುವ ಇನ್ನೊಂದು ಪ್ರೋಟೀನು. 1962ರ ಪ್ರಬಂಧದಲ್ಲಿ ಅದಕ್ಕೆ ಸಿಕ್ಕ ಜಾಗ ಒಂದು ಅಡಿಟಿಪ್ಪಣಿ. ನೀಲಿ ಬೆಳಕನ್ನು ಹೀರಿ ಹಸಿರು ಸೂಸುವ ಇದೇ ಮುಂದೆ ಜಿಎಫ್‌ಪಿ ಎಂದು ಹೆಸರಾಯಿತು.

1992ರಲ್ಲಿ ಡಗ್ಲಸ್ ಪ್ರಾಶರ್ ಅದರ ಜೀನನ್ನು ಪ್ರತ್ಯೇಕಿಸಿ, 238 ಅಮೈನೋ ಆಮ್ಲಗಳ ಸರಣಿಯನ್ನು ಪ್ರಕಟಿಸಿದರು. ಕಿಣ್ವದ ಶಂಕೆ ಇಲ್ಲಿ ಮತ್ತೆ ತಲೆ ಎತ್ತಿತು. ಈ ಪ್ರೋಟೀನಿನ ಬಣ್ಣ ಹುಟ್ಟುವುದು 65ರಿಂದ 67ರವರೆಗಿನ ಮೂರು ಅಮೈನೋ ಆಮ್ಲಗಳು ಉಂಗುರವಾಗಿ ಹೆಣೆದುಕೊಂಡಾಗ. ಹೆಣೆಯಲು ಲೋಳೆಮೀನಿನದೇ ಕಿಣ್ವಗಳು ಬೇಕಾದರೆ ಜೀನೊಂದನ್ನೇ ಬೇರೆಡೆ ಸೇರಿಸಿ ಏನು ಪ್ರಯೋಜನ? ಪ್ರಾಶರ್ ಕಳಿಸಿದ ಜೀನನ್ನು ಮಾರ್ಟಿನ್ ಚಾಲ್ಫಿ ಬಳಗ ಮೊದಲು ಬ್ಯಾಕ್ಟೀರಿಯಾಕ್ಕೆ, ನಂತರ ಪುಟ್ಟ ದುಂಡುಹುಳುವಿಗೆ ಸೇರಿಸಿತು. ಎರಡೂ ಹಸಿರಾಗಿ ಹೊಳೆದವು. 1994ರ ಆ ಫಲಿತಾಂಶದ ಬೆನ್ನಿಗೇ, ಉಂಗುರಕ್ಕೆ ಬೇಕಾದದ್ದು ಗಾಳಿಯ ಆಮ್ಲಜನಕ ಮಾತ್ರ ಎಂದು ರೋಜರ್ ಚೆನ್ ಬಳಗ ತೋರಿಸಿತು. ಒಂದೆರಡು ಅಮೈನೋ ಆಮ್ಲ ಬದಲಿಸಿ ಹೊಳಪು ಹೆಚ್ಚಿಸಿದವರೂ, ನೀಲಿಯಂಥ ಬೇರೆ ಬಣ್ಣ ತಂದವರೂ ಅವರೇ.

2008ರ ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ಬಂತು. ಒಂದು ಪ್ರಶಸ್ತಿಗೆ ಮೂವರೇ ಎಂಬುದು ನಿಯಮ. ಜೀನನ್ನು ಕೈಯೆತ್ತಿ ಹಂಚಿದ ಪ್ರಾಶರ್ ಆಗ ಅಲಬಾಮಾದಲ್ಲಿ ಕಾರು ಮಾರಾಟದ ಅಂಗಡಿಯೊಂದರ ವ್ಯಾನ್ ಓಡಿಸುತ್ತಿದ್ದರು. ನಿಯಮ ಏನೇ ಇರಲಿ, ಈ ಚರಿತ್ರೆಯಲ್ಲಿ ಅವರ ಪಾಲು ಉಳಿದವರದಕ್ಕಿಂತ ಕಿರಿದೆಂದು ನನಗೆ ಅನಿಸುವುದಿಲ್ಲ.

ಶಿಮೊಮುರಾ ಮನೆಮಂದಿಯನ್ನೂ ಜೊತೆಗೂಡಿಸಿಕೊಂಡು ವರ್ಷಗಟ್ಟಲೆ ಹಿಡಿದ ಲೋಳೆಮೀನುಗಳು ಸುಮಾರು 8,50,000. 1990ರ ನಂತರ ಫ್ರೈಡೇ ಹಾರ್ಬರ್‌ನಲ್ಲಿ ಅವು ಅಪರೂಪವಾದವು. ಆ ಹೊತ್ತಿಗೆ ಜೀನು ಪ್ರಯೋಗಾಲಯ ಸೇರಿತ್ತು.