ಮೊಲದ ರಕ್ತ, ಸಾಸಿವೆಯ ಎಲೆ

ದೆಹಲಿಯಲ್ಲಿ ಅರುಣಾ ಆಸಫ್ ಅಲಿ ಮಾರ್ಗ ಅಂತ ಒಂದು ರಸ್ತೆ ಇದೆ, ಜೆಎನ್‌ಯು ಮಗ್ಗುಲಲ್ಲೇ. ಆಸುಪಾಸೆಲ್ಲ ವಿಲಾಯತಿ ಕೀಕರ್ ಪೊದೆ. (ಅಂದರೆ ನಮ್ಮ ಬಳ್ಳಾರಿ ಜಾಲಿ. ಇಲ್ಲಿ ಬಂದು ಹೆಸರು ಬದಲಿಸಿಕೊಂಡಿದೆ, ಮುಳ್ಳು ಮಾತ್ರ ಅದೇ!) ಈ ರಸ್ತೆಯಲ್ಲಿ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆ ಇದೆ. 1981ರಲ್ಲಿ ಹುಟ್ಟಿದ್ದು, ಮೊದಲ ನಿರ್ದೇಶಕರು ಜಿ. ಪಿ. ತಲ್ವಾರ್. ಅದೇ ರಸ್ತೆಯಲ್ಲಿ ಗಿಡಗಳ ವಂಶವಾಹಿ ಅಭ್ಯಾಸ ಮಾಡುವ ಐಸಿಜಿಇಬಿ ಎಂಬ ಅಂತರರಾಷ್ಟ್ರೀಯ ಕೇಂದ್ರ ಇದೆ, 1998ರಲ್ಲಿ ಬಂದ ಸಸ್ಯ ಜಿನೋಮ್ ಸಂಸ್ಥೆಯೂ ಇದೆ. ಮನುಷ್ಯರ ರೋಗ ನೋಡುವವರಿಗೂ ಸಾಸಿವೆ ಗಿಡ ನೋಡುವವರಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಅದರ ಹೆಸರು ಪ್ರತಿಕಾಯ, ಇಂಗ್ಲಿಷಿನ ಆಂಟಿಬಾಡಿ.

ಪ್ರತಿಕಾಯದ ಕಥೆ ಶುರುವಾಗುವುದು ಆಸ್ಪತ್ರೆಯಲ್ಲೇ. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬಿಬ್ಬರು, ಧನುರ್ವಾಯುವಿನ ವಿಷ ಕಂಡ ಪ್ರಾಣಿಯ ರಕ್ತದಲ್ಲಿ ಆ ವಿಷವನ್ನು ತಡೆಯುವ ಏನೋ ಒಂದು ಹುಟ್ಟುತ್ತದೆ ಎಂದು ತೋರಿಸಿದರು. ಆಮೇಲೆ ತಿಳಿದದ್ದು, ವಿಷವೇ ಆಗಬೇಕಿಲ್ಲ, ಮೈಗೆ ಪರಕೀಯವಾದ ಯಾವ ಪ್ರೋಟೀನ್ ಆದರೂ ನಡೆಯುತ್ತದೆ ಎಂದು. ಸಾಸಿವೆ ಎಲೆಯ ಒಂದು ಕಿಣ್ವವನ್ನು ಶುದ್ಧ ಮಾಡಿ ಮೊಲಕ್ಕೆ ಚುಚ್ಚಿ, ಕೆಲವು ವಾರ ಬಿಟ್ಟು ರಕ್ತ ತೆಗೆದರೆ ಅದರಲ್ಲಿ ಆ ಕಿಣ್ವವನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಸಿಗುತ್ತದೆ. ಪಾಪ, ಮೊಲಕ್ಕೆ ಇದರಿಂದ ಲಾಭವಿಲ್ಲ.

ಇನ್ನು ಗಿಡದ ಕಡೆ ಬರೋಣ. ಬಿಸಿಲು, ಬರ, ಉಪ್ಪು ನೆಲ, ಹೊಗೆ.. ಇವುಗಳಿಂದ ಓಡಿಹೋಗಲು ಗಿಡಕ್ಕೆ ಕಾಲಿಲ್ಲ. ಇಂಥ ಹೊತ್ತಿನಲ್ಲಿ ಎಲೆಯೊಳಗೆ ಆಮ್ಲಜನಕದ ಪುಂಡ ರೂಪಗಳು ಹೆಚ್ಚುತ್ತವೆ, ಜೀವಕೋಶವನ್ನು ಸುಡುತ್ತವೆ. ಅವನ್ನು ಆರಿಸುವವೇ ಆಂಟಿಆಕ್ಸಿಡೆಂಟ್ ಕಿಣ್ವಗಳು. ಅವುಗಳಲ್ಲಿ ಕ್ಯಾಟಲೇಸ್‌ಗೆ ಹೆಸರಿಟ್ಟ ಆಸ್ಕರ್ ಲೋವ್ ಅದನ್ನು ಗಮನಿಸಿದ್ದು ಅಮೆರಿಕದ ಕೃಷಿ ಇಲಾಖೆಯಲ್ಲಿ ಹೊಗೆಸೊಪ್ಪಿನ ಕೆಲಸ ಮಾಡುವಾಗ. ವರದಿ ಬಂದದ್ದು 1901ರಲ್ಲಿ. ಇನ್ನೊಂದರ ಕಥೆ ನನಗೆ ಬಹಳ ಇಷ್ಟ. 1938ರಲ್ಲಿ ಮಾನ್ ಮತ್ತು ಕೈಲಿನ್ ದನದ ರಕ್ತದಲ್ಲಿ ತಾಮ್ರ ಇರುವ ನೀಲಿ ಛಾಯೆಯ ಪ್ರೋಟೀನ್ ಕಂಡರು. ಅದರ ಕೆಲಸ ಏನು ಅಂತ ಮೂವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ! 1969ರಲ್ಲಿ ಮೆಕ್ಕಾರ್ಡ್ ಮತ್ತು ಫ್ರಿಡೊವಿಚ್ ಅದು ಸೂಪರ್ ಆಕ್ಸೈಡ್ ಆರಿಸುವ ಕಿಣ್ವ ಎಂದು ತೋರಿಸಿ ಎಸ್‌ಒಡಿ ಎಂಬ ಹೆಸರು ಕೊಟ್ಟರು. ಗಿಡಗಳಲ್ಲಿ ಇದರ ತಾಮ್ರ-ಸತು, ಕಬ್ಬಿಣ, ಮ್ಯಾಂಗನೀಸ್ ಪ್ರಭೇದಗಳಿವೆ. ಯಾವುದು ಎಷ್ಟಿದೆ ಎಂದು ಬೇರೆಬೇರೆಯಾಗಿ ಕೇಳಬೇಕಾದಾಗ ಪ್ರತಿಕಾಯ ಬೇಕಾಗುತ್ತದೆ.

ಕೇಳುವ ವಿಧಾನ 1979ರಲ್ಲಿ ಸಿಕ್ಕಿತು. ಎಲೆಯ ರಸದ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬಿಡಿಸಿ, ತೆಳು ಹಾಳೆಗೆ ಇಳಿಸಿ, ಮೇಲೆ ಪ್ರತಿಕಾಯ ಸುರಿಯುವುದು. ಕಿಣ್ವ ಇದ್ದಲ್ಲಿ ಒಂದು ಪಟ್ಟಿ ಮೂಡುತ್ತದೆ. ಡಿಎನ್‌ಎಗೆ ಇಂಥದೇ ವಿಧಾನ ಕಂಡುಹಿಡಿದವರ ಮನೆಹೆಸರು ಸದರ್ನ್ ಅಂತ ಇದ್ದದ್ದರಿಂದ, 1981ರಲ್ಲಿ ಬರ್ನೆಟ್ ಎಂಬಾತ ತಮಾಷೆಗೆ ಇದನ್ನು ವೆಸ್ಟರ್ನ್ ಎಂದು ಕರೆದ. ತಮಾಷೆಯೇ ಗಟ್ಟಿಯಾಗಿ ನಿಂತಿತು.

ಮತ್ತೆ ನಮ್ಮ ರಸ್ತೆಗೆ. ಐಸಿಜಿಇಬಿಯಲ್ಲಿ ಸುಧೀರ್ ಸೋಪೋರಿ ಮತ್ತು ಸಂಗಡಿಗರು ಗ್ಲೈಯಾಕ್ಸಲೇಸ್ ಎಂಬ ಕಿಣ್ವಗಳ ಹಿಂದೆ ಬಿದ್ದರು. ಇವು ಎಸ್‌ಒಡಿಯ ನೇರ ಬಳಗವಲ್ಲ, ನೆಂಟರು ಅನ್ನಬಹುದು. ಗ್ಲುಟಾಥಯೋನ್ ನೆರವಿನಿಂದ ಮೀಥೈಲ್ ಗ್ಲೈಆಕ್ಸಾಲ್ ಎಂಬ ವಿಷವನ್ನು ಕಳೆಯುತ್ತವೆ. 1999ರಲ್ಲಿ ಸಾಸಿವೆಯ ಕಿಣ್ವದ ವಂಶವಾಹಿಯನ್ನು ಹೊಗೆಸೊಪ್ಪಿಗೆ ಸೇರಿಸಿದ ವರದಿ ಬಂತು. 2003ರಲ್ಲಿ ಎರಡು ಕಿಣ್ವಗಳನ್ನೂ ಸೇರಿಸಿದ ಗಿಡ ಉಪ್ಪುನೀರಿನಲ್ಲಿ ಬೆಳೆದು ಬೀಜ ಕಟ್ಟಿತು. ಇಂಥ ಕೆಲಸದಲ್ಲಿ ವಂಶವಾಹಿ ಒಳಗೆ ಹೋಯಿತು ಅಂದರೆ ಸಾಲದು, ಕಿಣ್ವ ತಯಾರಾಯಿತೇ? ಅದಕ್ಕೆ ಸಾಕ್ಷಿ ಹೇಳುವುದು ಪ್ರತಿಕಾಯ.

ಆದರೆ ಈ ಸಾಕ್ಷಿ ಹೇಳುವುದು ಅರ್ಧವೇ. ದೆಹಲಿಯಲ್ಲಿ ಸರ್ಕಾರಿ ಕಚೇರಿಗಳಿಗೆ ಅಲೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ಇದೆ ಅಂದರೆ ಮನುಷ್ಯ ಬಂದಿದ್ದಾನೆ ಅಂತ. ಕೆಲಸ ಮಾಡುತ್ತಿದ್ದಾನೆ ಅಂತಲ್ಲ. ಹಾಗಾಗಿ ಕಿಣ್ವದ ಚಟುವಟಿಕೆಯನ್ನು ಬೇರೆಯಾಗಿಯೇ ಅಳೆಯಬೇಕು. ಇನ್ನೂ ಒಂದು ತೊಡಕು, ಕೆಲವು ಪ್ರತಿಕಾಯಗಳು ಬೇರೆಯವನ ಸಹಿಯನ್ನೂ ಇವನದೇ ಅಂದುಬಿಡುತ್ತವೆ. ಹತ್ತಿರದ ಹೋಲಿಕೆಯಿರುವ ಇನ್ನೊಂದು ಪ್ರೋಟೀನ್ ಸಿಕ್ಕಿದರೂ ಪಟ್ಟಿ ಮೂಡುತ್ತದೆ. ಮೊಲ ಬದಲಾದರೆ ಪ್ರತಿಕಾಯದ ಗುಣವೂ ಬದಲು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ, ಪ್ರಾಣಿಯ ರಕ್ತವನ್ನು ನಂಬಿ ಕೂರುವುದು ಸಾಕು, ಪ್ರತಿಕಾಯದ ಅನುಕ್ರಮವನ್ನೇ ಬರೆದಿಟ್ಟು ಪ್ರಯೋಗಾಲಯದಲ್ಲಿ ತಯಾರಿಸಿ ಎಂದು ಕೇಳಿದರು. ನನಗೆ ಈ ಬೇಡಿಕೆ ತಡವಾಗಿ ಬಂತು ಅನ್ನಿಸುತ್ತದೆ. ತಪ್ಪು ಪಟ್ಟಿಯನ್ನು ನಂಬಿ ಸಂಶೋಧಕ ವರ್ಷಗಟ್ಟಲೆ ಕಳೆದರೆ, ಅಷ್ಟು ವರ್ಷ ರೈತನೂ ಕಾಯುತ್ತಾನೆ.

ಆ ರೈತ ದೂರದವನೇನಲ್ಲ. ಇಲ್ಲಿಂದ ಉತ್ತರಕ್ಕೆ, ಹರಿಯಾಣದ ಕರ್ನಾಲದಲ್ಲಿ, ಉಪ್ಪು ಮಣ್ಣಿಗಾಗಿಯೇ ಒಂದು ಕೇಂದ್ರೀಯ ಸಂಸ್ಥೆ ಇದೆ. ಅದು ಹುಟ್ಟಿದ್ದೂ 1969ರಲ್ಲೇ, ಎಸ್‌ಒಡಿಗೆ ಹೆಸರು ಸಿಕ್ಕ ವರ್ಷ. ಅಲ್ಲಿಂದ ಸಿಎಸ್ 52, ಸಿಎಸ್ 54 ಎಂಬ ಉಪ್ಪು ತಾಳುವ ಸಾಸಿವೆ ತಳಿಗಳು ಬಂದವು, ಹೊರಗಿನ ವಂಶವಾಹಿ ಸೇರಿಸದೆ, ಹಳೆಯ ಆಯ್ಕೆಯ ಪದ್ಧತಿಯಲ್ಲಿ. ಒಂದು ತಳಿ ಉಪ್ಪಿನಲ್ಲೂ ಬದುಕುತ್ತದೆ, ಪಕ್ಕದ ಇನ್ನೊಂದು ಸಾಯುತ್ತದೆ, ಯಾಕೆ? ಅದನ್ನು ತಿಳಿಯಲು ಎರಡರ ಎಲೆಯನ್ನೂ ಅರೆದು, ರಸವನ್ನು ಅದೇ ಹಾಳೆಗೆ ಇಳಿಸಿ, ಪ್ರತಿಕಾಯ ಸುರಿದು, ಯಾವ ಪಟ್ಟಿ ದಪ್ಪ ಅಂತ ನೋಡುತ್ತಾರೆ.